ಹೋಲ್ಡ್ ಒತ್ತಲು ಮರೆತವಳು

ಟ್ರಿಣ್... ಟ್ರಿಣ್...

ಮೇಜಿನ ಮೇಲಿದ್ದ ಫೋನು ಬಡಿದುಕೊಳ್ಳುತ್ತಲೇ ಇತ್ತು. ಉಜ್ವಲಾ ಅದನ್ನು ಹಾವು ನೋಡಿದ ಹಾಗೆ ನೋಡುತ್ತಿದ್ದಳು.

ಇಂದು ಅವಳ ನೌಕರಿಯ ಮೊದಲ ದಿನ. ಬೀದರಿನ ಉದಗೀರ್ ರಸ್ತೆಯಲ್ಲಿ ಹನಿ ನೀರಾವರಿಯ ಪೈಪು, ಪಂಪು ಮಾರುವ ಕಂಪನಿಯ ಮುಖ್ಯ ಆಫೀಸು ಅದು. ಹುದ್ದೆಯ ಹೆಸರು ಆಫೀಸ್ ಅಸಿಸ್ಟೆಂಟ್. ಆ ಹುದ್ದೆಯಲ್ಲಿ ಕೂತು ಏನು ಮಾಡಬೇಕು ಎನ್ನುವುದನ್ನು ಬಿ.ಎ. ಪಾಸಾದ ಅವಳಿಗೆ ಯಾರೂ ಕಲಿಸಿರಲಿಲ್ಲ!

"ಎತ್ತ ಬೇಟಾ, ಕಚ್ಚಂಗಿಲ್ಲ ಅದು," ಎಂದರು ಒಳಗಿನ ಮೇಜಿನಿಂದ ಮಹಮೂದಾ ಬೇಗಂ. ಆಫೀಸಿನ ಹಳೆಯ ತಲೆ. ಎಲ್ಲರಿಗೂ ಆಪಾ, ಅಂದರೆ ಅಕ್ಕ.

ಉಜ್ವಲಾ ಎತ್ತಿದಳು. "ಹಲೋ... ಯಾರ್ರಿ?"

"ಔರಾದ ಬ್ರಾಂಚಿನಿಂದ ಅಶ್ವಜಿತ. ಮೊದಲು ನಮಸ್ಕಾರ ಅನ್ಬೇಕ್ರಿ. ಆಫೀಸಿನ ಹೆಸರು ಹೇಳ್ಬೇಕು. ಬಾಯಿ ತೆಗೀತಿದ್ದಂಗ ಯಾರ್ರಿ ಅಂದ್ರ ಗಿರಾಕಿ ಓಡಿಹೋಗ್ತಾರ."

ಉಜ್ವಲಾಳಿಗೆ ಮೈಯೆಲ್ಲ ಉರಿಯಿತು. 'ಮುಖ ನೋಡಿಲ್ಲ, ಮಾರಿ ನೋಡಿಲ್ಲ... ಪಾಠ ಹೇಳ್ಲಾಕ ಬಂದ್ಬಿಟ್ಟ!'

"ಒಂದ್ ನಿಮಿಷ," ಎಂದವಳೇ ರಿಸೀವರ್ ಅನ್ನು ಮೇಜಿನ ಮೇಲಿಟ್ಟು ಆಪಾ ಕಡೆ ತಿರುಗಿದಳು.

"ಆಪಾ, ಔರಾದದಿಂದ ಯಾವನೋ ಮಾತಾಡ್ಲಾಕತ್ತಾನ್ರಿ. ಧ್ವನಿ ಭಾಳ ಚಂದ ಅದ... ಆದ್ರ ಮಾತು ಮಾತ್ರ ಕುದುರಿ ಒದ್ದಂಗ!"

ಮೇಜಿನ ಮೇಲಿನ ರಿಸೀವರಿನಿಂದ ಗಂಡಸಿನ ನಗು ಕೇಳಿಸಿತು!

ಉಜ್ವಲಾ ಅದನ್ನು ಎತ್ತಿ ಕಿವಿಗೆ ಹಿಡಿದಳು.

"ಧ್ವನಿ ಚಂದ ಅದ ಅಂದ್ರಲ್ಲ, ಅಷ್ಟ ಸಾಕ್ರಿ," ಎಂದಿತು ಆ ಧ್ವನಿ. "ಫೋನಿನ ಮ್ಯಾಲ ಹೋಲ್ಡ್ ಅಂತ ಒಂದು ಗುಂಡಿ ಅದ. ಬೈಯೋಕಿಂತ ಮೊದಲು ಅದನ್ನ ಒತ್ರಿ. ಆವಾಗ ಈ ಕಡಿಯವರಿಗೆ ಕೇಳ್ಸಂಗಿಲ್ಲ."

ಭೂಮಿ ಬಾಯ್ಬಿಟ್ಟಿದ್ದರೆ ಉಜ್ವಲಾ ಫೋನಿನ ಸಮೇತ ಇಳಿದುಬಿಡುತ್ತಿದ್ದಳು.

ಮರುದಿನ ಬೆಳಿಗ್ಗೆ ಔರಾದಿನಿಂದ ಮತ್ತೆ ಫೋನು. ಗೋದಾಮಿನಲ್ಲಿ ಎಷ್ಟು ಮಾಲು ಉಳಿದಿದೆ ಎಂದು ದಿನಾ ತಿಳಿಸುವುದು ಅಶ್ವಜಿತನ ಕೆಲಸ, ಅದನ್ನು ಬರೆದುಕೊಳ್ಳುವುದು ಇವಳ ಕೆಲಸ. ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ!

"ನಮಸ್ಕಾರ, ಬೀದರ ಮುಖ್ಯ ಆಫೀಸು. ಏನು ಸಹಾಯ ಮಾಡಲಿ?" ಎಂದಳು, ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದನ್ನು ಒಂದೇ ಉಸಿರಿನಲ್ಲಿ.

"ವಾಹ್! ಇವತ್ತು ಕುದುರಿ ಒದೀಲಿಲ್ಲ."

ಅವಳಿಗೂ ನಗು ತಡೆಯಲಾಗಲಿಲ್ಲ.

ಹಾಗೆ ಶುರುವಾಯಿತು ನೋಡಿ. ಮಾಲಿನ ಲೆಕ್ಕ ಮುಗಿದ ಮೇಲೂ ಫೋನು ಕೆಳಗಿಡಲು ಇಬ್ಬರಿಗೂ ಅವಸರವಿರುತ್ತಿರಲಿಲ್ಲ.

"ಫೋನ್ ಮಾಡ್ದವರ ಹೆಸರು, ಊರು, ವಿಷಯ, ಉತ್ತರ ಯಾವಾಗ ಬೇಕು... ಈ ನಾಕು ಬರ್ಕೊಳ್ರಿ," ಎನ್ನುತ್ತಿದ್ದ ಅಶ್ವಜಿತ. "ಬರ್ಕೊಂಡ ಮ್ಯಾಲ ತಿರುಗಿ ಓದಿ ಹೇಳ್ರಿ. ಬರೋಬ್ಬರಿ ಅದ ಅಂತ ಅವರ ಬಾಯಿಲೆ ಬರ್ಬೇಕು."

"ನನಗ ಗೊತ್ತಿಲ್ಲದ್ದು ಕೇಳಿದ್ರ ಏನ್ ಹೇಳ್ಲಿರಿ?"

"ಗೊತ್ತಿಲ್ಲ, ಕೇಳಿ ಹೇಳ್ತೇನಿ ಅನ್ರಿ. ಅದರಾಗ ನಾಚ್ಗಿ ಏನದ? ಆದ್ರ ಕೇಳಿ ಹೇಳೋದು ಮಾತ್ರ ಮರೀಬ್ಯಾಡ್ರಿ."

ಬಂದವರಿಗೆ ಮೊದಲು ಕುರ್ಚಿ, ಆಮೇಲೆ ನೀರು, ಆಮೇಲೆಯೇ ಪ್ರಶ್ನೆ. ಬಂದ ಪತ್ರಕ್ಕೆ ಅಂದೇ ತಾರೀಖಿನ ಮುದ್ರೆ. ಸಾಹೇಬರು ಇಲ್ಲ ಎಂದು ಸುಮ್ಮನಾಗದೆ, ಯಾವಾಗ ಬರುತ್ತಾರೆಂದು ಹೇಳುವುದು. ಒಂದೊಂದೇ ಅವಳ ಕೈಗೆ ಹತ್ತುತ್ತಾ ಹೋಯಿತು.

ಒಮ್ಮೆ ಒಂದು ತಪ್ಪು ಪತ್ರ ಕಳಿಸಿ ಅವಳು ಅಳುವ ಹಾಗಾದಾಗ ಅವನೆಂದ: "ನನ್ನ ಕಥಿ ಕೇಳ್ರಿ. ಹೊಸದಾಗಿ ಸೇರ್ದಾಗ ಹಲಬರ್ಗಾಕ್ಕ ಹೋಗೋ ಪೈಪಿನ ಮ್ಯಾಲ ರೂಢಿ ಪ್ರಕಾರ ನಮ್ಮೂರು ಚಿಂತಾಕಿ ಮನೀ ವಿಳಾಸ ಬರ್ದಿದ್ದೆ! ಲಾರಿ ಸೀದಾ ನಮ್ಮ ಅಂಗಳದಾಗ ಇಳಿಸಿ ಹೋಯ್ತು. ನಮ್ಮವ್ವ ಊರಿಗೆಲ್ಲ ಹೇಳ್ಕೊಂಡು ಬಂದ್ಲು... ಮಗ ಹೊಲಕ್ಕ ಪೈಪ್ ತಂದಾನ ಅಂತ!"

ಉಜ್ವಲಾ ಎಷ್ಟು ನಕ್ಕಳೆಂದರೆ, ಆಪಾ ಕನ್ನಡಕ ಕೆಳಗಿಳಿಸಿ ನೋಡಿದರು.

"ಮಾಲಿನ ಲೆಕ್ಕದಾಗ ಇಷ್ಟು ನಗು ಎಲ್ಲಿಂದ ಬಂತ ಬೇಟಾ?"

ಉಜ್ವಲಾ ಕೆನ್ನೆ ಕೆಂಪಾಗಿ ಫೈಲಿನಲ್ಲಿ ಮುಖ ಮುಚ್ಚಿಕೊಂಡಳು.

ಆಫೀಸಿನ ಕಿಟಕಿ ಪಕ್ಕದ ತನ್ನ ಕುರ್ಚಿ ಅವಳಿಗೆ ಬರೀ ಕುರ್ಚಿಯಾಗಿರಲಿಲ್ಲ. ಖಟಕ ಚಿಂಚೋಳಿಯ ಅವಳ ಮನೆಯಲ್ಲಿ ಮೇಜಿನ ಮುಂದೆ ಕೂತು ದುಡಿದವರು ಅವಳಿಗಿಂತ ಮೊದಲು ಯಾರೂ ಇರಲಿಲ್ಲ. ಬೆಳಿಗ್ಗೆ ಊರಿಂದ ಭಾಲ್ಕಿಗೊಂದು ಬಸ್ಸು, ಅಲ್ಲಿಂದ ಬೀದರಿಗೆ ಇನ್ನೊಂದು. ಆದರೂ ಅವಳಿಗೆ ದಣಿವೆನಿಸುತ್ತಿರಲಿಲ್ಲ. ಹೊಲದ ಕೂಲಿಗೆ ಹೋಗುವ ತಾಯಿ ಕೌಸಲ್ಯಾಬಾಯಿ ಒಂದು ದಿನ ಯಾರದೋ ಮೊಬೈಲಿನಿಂದ ಆಫೀಸಿಗೇ ಫೋನು ಮಾಡಿದ್ದಳು.

"ನಮಸ್ಕಾರ, ಬೀದರ ಮುಖ್ಯ ಆಫೀಸು. ಏನು ಸಹಾಯ ಮಾಡಲಿ?"

"ಏನಿಲ್ಲವ್ವಾ... ನೀ ಹ್ಯಾಂಗ ಮಾತಾಡ್ತಿ ಅಂತ ಕೇಳ್ಬೇಕಾಗಿತ್ತು. ಇನ್ನೊಮ್ಮಿ ಅನ್ನು!"

ಇನ್ನು ಉಳಿದಿದ್ದು ಒಂದೇ. ತರಬೇತಿಯ ಅವಧಿ ಮುಗಿಯುತ್ತಾ ಬಂದಿತ್ತು. ಅವಳನ್ನು ಖಾಯಂ ಮಾಡಬೇಕೋ ಬೇಡವೋ ಎಂಬುದನ್ನು ಮ್ಯಾನೇಜರ್ ವಸಂತ ಸರ್ ಹೇಳಬೇಕಿತ್ತು.

ಅಂಥ ಹೊತ್ತಿನಲ್ಲೇ ಅದು ನಡೆಯಿತು.

ಅಂದು ಮಾಲಿನ ಲೆಕ್ಕ ಹೇಳುತ್ತಿದ್ದ ಅಶ್ವಜಿತನ ಮೊಬೈಲು ರಿಂಗಾಯಿತು. "ಒಂದ್ ನಿಮಿಷ್ರಿ, ವಸಂತ ಸರ್ ಫೋನು," ಎಂದು ಅವನು ರಿಸೀವರ್ ಅನ್ನು ಮೇಜಿನ ಮೇಲಿಟ್ಟ. ಊರಿಗೆಲ್ಲ ಪಾಠ ಹೇಳಿದ ಮಹಾರಾಯ, ತಾನೇ ಹೋಲ್ಡ್ ಒತ್ತಲು ಮರೆತ!

ಅವನ ಮಾತು ಸ್ಪಷ್ಟವಾಗಿ ಕೇಳಿಸಿತು.

"ಇಲ್ರಿ ಸರ್... ಉಜ್ವಲಾನ್ನ ಬೀದರದಾಗ ಇಡಬ್ಯಾಡ್ರಿ. ಹೌದ್ರಿ, ಖರೇನ ಹೇಳ್ತೇನಿ. ಆ ಕುರ್ಚಿಗಿ ಬ್ಯಾರೇ ಯಾರನ್ನಾದ್ರೂ ನೋಡ್ರಿ..."

ಮುಂದಿನದನ್ನು ಕೇಳುವ ಶಕ್ತಿ ಅವಳಿಗಿರಲಿಲ್ಲ. ಫೋನು ಇಟ್ಟುಬಿಟ್ಟಳು.

'ಇಷ್ಟು ದಿನ ನಕ್ಕೋತ ಕಲ್ಸಿದ್ದು... ಇದಕ್ಕೇನು? ನಾ ಆ ಕುರ್ಚಿಗಿ ಲಾಯಕ್ ಇಲ್ಲೇನು? ಅವ್ವಗ ಏನಂತ ಹೇಳ್ಲಿ?'

ಕಣ್ಣು ತುಂಬಿ ಬಂತು. ಎದುರಿನ ಕುರ್ಚಿಯಲ್ಲಿ ಕೂತ ರೈತನಿಗೆ ಕಾಣಬಾರದೆಂದು ಅವಳು ಬಗ್ಗಿ ಕೆಳಗಿನ ಖಾನೆಯಲ್ಲಿ ಇಲ್ಲದ ಕಾಗದ ಹುಡುಕಿದಳು.

ಮರುದಿನದಿಂದ ಅಶ್ವಜಿತನಿಗೆ ಸಿಕ್ಕಿದ್ದು ಬೇರೆಯೇ ಉಜ್ವಲಾ.

"ನಮಸ್ಕಾರ, ಬೀದರ ಮುಖ್ಯ ಆಫೀಸು. ಹೇಳ್ರಿ. ಬರ್ಕೊಂಡೆ. ಧನ್ಯವಾದ."

"ಉಜ್ವಲಾ ಅವರೇ, ಏನಾಯ್ತ್ರಿ? ಅವತ್ತು ಲೈನ್ ಯಾಕ ಕಟ್..."

"ಮತ್ತೇನಾದರೂ ಸಂದೇಶ ಇದೆಯೇ ಸರ್?"

ಅವನು ಕಲಿಸಿದ ಒಂದೊಂದು ಮಾತನ್ನೂ ಒಂದಕ್ಷರ ಬಿಡದೆ ಅವನ ಮೇಲೆಯೇ ತಿರುಗಿಸಿದಳು. ಹೋಲ್ಡ್ ಮಾತ್ರ ಮರೆಯದೆ ಒತ್ತುತ್ತಿದ್ದಳು. ಪಾಪ, ಅವನಿಗೆ ಹೋಲ್ಡಿನಲ್ಲಿ ಬರುವ ಆ ಹಾಳು ಸಂಗೀತ ಕೇಳಿ ಕೇಳಿ ತಲೆ ಕೆಟ್ಟಿತು. ಒಂದು ಮಧ್ಯಾಹ್ನ ಔರಾದ ಆಫೀಸನ್ನು ಇನ್ನೊಬ್ಬರಿಗೆ ಒಪ್ಪಿಸಿ ಬೀದರಿನ ಬಸ್ಸು ಹತ್ತಿದ.

ಬಾಗಿಲಲ್ಲಿ ಬಂದು ನಿಂತ ಎತ್ತರದ ಯುವಕನಿಗೆ ಉಜ್ವಲಾ ಎಂದಿನಂತೆ ಕುರ್ಚಿ ತೋರಿಸಿದಳು. ನೀರು ಕೊಟ್ಟಳು.

"ಏನು ಸಹಾಯ ಮಾಡಲಿ?"

"ಕುದುರಿ ಒದ್ದಂಗ ಮಾತಾಡೋ ಮನುಷ್ಯಾ ಬಂದಾನ್ರಿ," ಎಂದ ಅವನು ಮೆಲ್ಲಗೆ.

ಆ ಧ್ವನಿ! ಅವಳು ಮತ್ತೊಮ್ಮೆ ಅವನನ್ನು ನೋಡಿದಳು. ಧ್ವನಿಯಷ್ಟೇ ಚಂದದ ಕಣ್ಣುಗಳು... 'ಛೀ, ಈಗ ಕಣ್ಣು ನೋಡೋ ಹೊತ್ತೇನು!'

"ನಾ ಎಲ್ಲಾ ಕೇಳೇನಿ," ಎಂದಳು ಬಿಗಿಯಾಗಿ. "ನೀವೂ ಹೋಲ್ಡ್ ಒತ್ತಿರ್ಲಿಲ್ಲ. ಉಜ್ವಲಾನ್ನ ಬೀದರದಾಗ ಇಡಬ್ಯಾಡ್ರಿ ಅಂದ್ರಲ್ಲಾ?"

ಅವನ ಮುಖ ಒಮ್ಮೆಲೇ ಬಿಳಿಚಿತು.

"ಹೌದ್ರಿ, ಅಂದೆ. ಮುಂದಿನದು ಕೇಳಿದ್ರೇನು?"

ಅವಳು ಇಲ್ಲವೆಂದು ತಲೆಯಾಡಿಸಿದಳು.

"ಭಾಲ್ಕಿಯೊಳಗ ಹೊಸ ಬ್ರಾಂಚ್ ತೆಗೀಲಾಕತ್ತಾರ. ಅದನ್ನ ನಡಸ್ಲಾಕ ಯಾರು ಆಗ್ತಾರ ಅಂತ ಸರ್ ಕೇಳಿದ್ರು. ಫೋನ್ ಎತ್ತೋ ಕುರ್ಚಿಗಿ ಬ್ಯಾರೇಯವರು ಸಿಗ್ತಾರ, ಆಫೀಸ್ ನಡಸೋರು ಉಜ್ವಲಾ ಒಬ್ರೇ ಅಂದೆ. ನಿಮಗ ಒಂದು ಬಸ್ಸೂ ಕಡಿಮಿ ಆಗ್ತದ ಅಂತ..."

ಸಿಟ್ಟು ಎಲ್ಲಿ ಹೋಯಿತೋ! ಆದರೂ ಅವಳು ಪೂರ್ತಿ ಬಿಟ್ಟುಕೊಡಲಿಲ್ಲ.

"ಅರ್ಧ ಕೇಳಿ ಫೋನ್ ಇಟ್ಟಿದ್ದು ನನ್ನ ತಪ್ಪು. ಆದ್ರ ನನ್ನ ಬಸ್ಸು, ನನ್ನ ಕುರ್ಚಿ, ನನ್ನ ನೌಕರಿ... ಒಂದ್ಮಾತು ನನ್ನ ಕೇಳ್ಬೇಕು ಅನಿಸ್ಲಿಲ್ಲೇನ್ರಿ ನಿಮಗ?"

ಅಶ್ವಜಿತ ತಲೆ ತಗ್ಗಿಸಿದ. "ಅನಿಸ್ಬೇಕಾಗಿತ್ತು. ತಪ್ಪಾಯ್ತ್ರಿ."

ಆಪಾ ಬೇಕೆಂದೇ ಚಹಾ ತರುತ್ತೇನೆಂದು ಎದ್ದು ಹೋದರು.

"ಇನ್ನೊಂದು ಸಂದೇಶ ಅದರಿ," ಎಂದ ಅವನು, ಗ್ಲಾಸನ್ನು ತಿರುಗಿಸುತ್ತಾ. "ನೀವು ನಗದ ಮುಂಜಾನಿ ನನಗ ಮುಂಜಾನಿ ಅನಿಸವಲ್ದು. ನಿಮ್ಮ ಮ್ಯಾಲ ನನಗ ಪ್ರೀತಿ ಆಗ್ಯದ. ನಿಮ್ಮ ಮನಸು ಏನದ?"

ಉಜ್ವಲಾಳ ಕೈ ರೂಢಿಯಂತೆ ಪೆನ್ನು ಹುಡುಕಿತು.

"ಬರ್ಕೊಂಡೆ," ಎಂದಳು, ತಲೆ ಎತ್ತದೆ. "ಈಗ ಗೊತ್ತಿಲ್ಲ... ಕೇಳಿ ಹೇಳ್ತೇನಿ."

"ಯಾರನ್ನ ಕೇಳಿ?"

"ನನ್ನನ್ನ ನಾನ ಕೇಳಿ!"

ಆ ಸಂಜೆಯೇ ಅವಳು ತಾನಾಗಿ ವಸಂತ ಸರ್ ಕೋಣೆಗೆ ಹೋದಳು.

"ಸರ್, ಭಾಲ್ಕಿ ಆಫೀಸಿನ ವಿಷಯ ನನ್ನ ಕೇಳ್ರಿ."

ಅವರು ಅಚ್ಚರಿಯಿಂದ ನಕ್ಕರು. "ನಾಳಿ ಕೇಳಾವ ಇದ್ದೆ. ಹೋಗ್ತೀಯೇನವಾ?"

ಕಿಟಕಿ ಪಕ್ಕದ ಆ ಕುರ್ಚಿ ಕಣ್ಣ ಮುಂದೆ ಬಂತು. ಅವ್ವ ಭಾಲ್ಕಿ ಸಂತೆಗೆ ಬಂದಾಗ ಬಾಗಿಲಲ್ಲಿ ನಿಂತು ಮಗಳನ್ನು ನೋಡುವುದೂ ಕಣ್ಣ ಮುಂದೆ ಬಂತು.

"ಹೋಗ್ತೇನ್ರಿ. ಆದ್ರ ಖಾಯಂ ಮಾಡಿ ಕಳಸ್ರಿ."

"ಖಾಯಂ! ಇಷ್ಟು ಬರೋಬ್ಬರಿ ಕೇಳಾಕ ಯಾರು ಕಲ್ಸಿದ್ರು ನಿನಗ?"

ಉಜ್ವಲಾ ನಕ್ಕಳು.

ಭಾಲ್ಕಿ ಆಫೀಸು ತೆರೆದ ದಿನ ಹೊಸ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಮೊದಲು ಬಂದವಳು ಕೌಸಲ್ಯಾಬಾಯಿ. ಮಗಳು ತೋರಿಸಿದ ಕುರ್ಚಿಯಲ್ಲಿ ಕೂತು, ಕೊಟ್ಟ ನೀರು ಕುಡಿದು, ಸೆರಗಿನಿಂದ ಕಣ್ಣೊರೆಸಿಕೊಂಡು ಸಂತೆಗೆ ಹೋದಳು. ಒಂದು ದಿನದ ಸಹಾಯಕ್ಕೆಂದು ಬಂದ ಮಹಮೂದಾ ಆಪಾ ಫೈಲು ಜೋಡಿಸುತ್ತಿದ್ದರು.

ಟ್ರಿಣ್... ಟ್ರಿಣ್...

"ನಮಸ್ಕಾರ, ಭಾಲ್ಕಿ ಬ್ರಾಂಚ್. ಏನು ಸಹಾಯ ಮಾಡಲಿ?"

"ಔರಾದದಿಂದ ಅಶ್ವಜಿತ. ಹೊಸ ಆಫೀಸಿಗೆ ಶುಭಾಶಯ ಹೇಳ್ಬೇಕಾಗಿತ್ರಿ."

"ಒಂದ್ ನಿಮಿಷ್ರಿ."

ಅವಳು ರಿಸೀವರ್ ಅನ್ನು ಮೇಜಿನ ಮೇಲಿಟ್ಟಳು.

"ಯಾರದು ಬೇಟಾ?" ಎಂದರು ಆಪಾ.

"ಔರಾದದವರು ಆಪಾ. ಧ್ವನಿ ಮೊದಲಿಂದ ಚಂದ ಅದ. ಈಗೀಗ ಮಾತೂ ಹಿಡಸ್ಲಾಕತ್ತದ." ಅವಳು ಪೆನ್ನು ಕೆಳಗಿಟ್ಟಳು. "ನನ್ನನ್ನ ನಾ ಕೇಳ್ಕೊಂಡೆ. ನನಗೂ ಅವರಂದ್ರ ಪ್ರೀತಿನ ಅದ. ಅವರವ್ವ ನಮ್ಮವ್ವನ್ನ ನೋಡ್ಲಾಕ ಬಂದ್ರ ನಾ ಬ್ಯಾಡ ಅನ್ನಂಗಿಲ್ಲ."

"ಹಾಯ್ ಅಲ್ಲಾ!" ಆಪಾ ಕೈಯಿಂದ ಫೈಲು ಬಿತ್ತು. "ಹೋಲ್ಡ್ ಒತ್ತಿಲ್ಲ ನೋಡ ಹುಡುಗಿ ನೀ!"

"ಗೊತ್ತದರಿ ಆಪಾ."

ಅವಳು ರಿಸೀವರ್ ಅನ್ನು ಕಿವಿಗೆ ಹಿಡಿದಳು.

"ಹಲೋ... ಲೈನಿನಾಗ ಅದೀರೇನ್ರಿ?"

"ಅದೀನಿ," ಎಂದ ಅವನು. ಕುದುರೆ ಒದ್ದಂತೆ ಮಾತಾಡುವ ಆ ಧ್ವನಿ ಅಂದು ಮೊದಲ ಸಲ ತೊದಲಿತು. "ಬರ್ಕೊಂಡೆ... ಪೂರ್ತಿ ಬರ್ಕೊಂಡೆನ್ರಿ."

"ಹಂಗಾದ್ರ ತಿರುಗಿ ಓದಿ ಹೇಳ್ರಿ."

"ಹೆಸರು, ಉಜ್ವಲಾ. ಊರು, ಖಟಕ ಚಿಂಚೋಳಿ. ವಿಷಯ..." ಅವನು ಒಂದು ಕ್ಷಣ ತಡೆದ. "ವಿಷಯ, ಆಕಿಗೂ ನನ್ನ ಮ್ಯಾಲ ಪ್ರೀತಿ ಅದ. ಬರೋಬ್ಬರಿ ಅದ ಏನ್ರಿ?"

"ಬರೋಬ್ಬರಿ ಅದ," ಎಂದಳು ಉಜ್ವಲಾ, ಕಣ್ಣು ಮುಚ್ಚಿಕೊಂಡು. "ಆದ್ರ ಒಂದು ಬಿಟ್ರಿ. ಉತ್ತರ ಯಾವಾಗ ಬೇಕು ಅಂತ ಕೇಳ್ಲಿಲ್ಲ."

"ಯಾವಾಗ ಬೇಕ್ರಿ?"

"ಐತವಾರ ಅವ್ವ ಮನ್ಯಾಗ ಇರ್ತಾಳ."