ಎರಡೂ ಕೈಯ ಕಪ್ಪು

ಮತದಾನ ಮುಗಿದ ಐದನೆಯ ದಿನ, ಸೋಮವಾರ ಬೆಳಿಗ್ಗೆ ಹತ್ತೂವರೆಗೆ, ಮಣ್ಣೂರಿನ ಅಮೀರುನ್ನಿಸಾ ಠಾಣೆಯ ಮೆಟ್ಟಿಲು ಹತ್ತಿ ಬಂದಳು. ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ಪೇದೆ ಶರಣಕುಮಾರ ಅವಳನ್ನು ನೋಡಿ ಮೊಬೈಲನ್ನು ಜೇಬಿಗಿಳಿಸಿದ. ಆ ಕೈಗಳನ್ನು ಅವನು ತನ್ನ ಮೊಬೈಲಿನಲ್ಲಿ ಆಗಲೇ ನೋಡಿದ್ದ. ನೋಡಿ ಸುಮ್ಮನಿರದೆ ತಾನಿದ್ದ ಗುಂಪುಗಳಿಗೆಲ್ಲ ದಾಟಿಸಿದ್ದ.

ಪಿಎಸ್‌ಐ ಭಾಗ್ಯಜ್ಯೋತಿ ಕುರ್ಚಿ ತೋರಿಸಿದರು. "ಏನಾಗ್ಯಾದವ್ವಾ?"

"ನನ್ನ ಕೈ ಫೋಟೋ ಊರೆಲ್ಲಾ ತಿರಗಾಕತ್ತಾದ್ರಿ ಮೇಡಂ. ಎರಡೂ ಕೈ ಬೆರಳಿಗೆ ಶಾಯಿ ಅದ, ಮಣ್ಣೂರಾಗೊಂದು ಓಟ, ತವರಮನಿ ಕೊಳಕೂರಾಗೊಂದು ಓಟ ಹಾಕ್ಯಾಳ ಅಂತ ಬರದಾರ. ಬಾಗಲ ಮ್ಯಾಲೆ ಇದ್ದಲಿಲೆ 'ಕಳ್ಳಿ' ಅಂತ ಗೀಚ್ಯಾರ. ಗಿರಣ್ಯಾಗ ನನ್ನ ಹಿಟ್ಟಿನ ಡಬ್ಬಿ ಮುಟ್ಟವಲ್ರು. ನಾ ಒಂದಽ ಸಲ ಹಾಕೀನಿ ಅಂತ ನೀವು ಊರ ಮುಂದ ಹೇಳಬೇಕ್ರಿ. ಇಲ್ಲಂದ್ರ ಇನ್ನ ಜನ್ಮದಾಗ ಬೂತಿಗೆ ಕಾಲಿಡಂಗಿಲ್ಲ."

"ಕೈ ತೋರ್ಸು."

ಎಡಗೈ ತೋರುಬೆರಳಿನ ಉಗುರ ಮೇಲೆ ಮತಗಟ್ಟೆಯ ಗೆರೆ ನೇರವಾಗಿತ್ತು. ಬಲಗೈ ಬೆರಳಿನ ಕಪ್ಪು ಅಡ್ಡಾದಿಡ್ಡಿ ಹರಡಿ, ಅಂಚಿನಲ್ಲಿ ಸಣ್ಣ ಗುಳ್ಳೆಗಳೆದ್ದಿದ್ದವು.

"ಇದೇನಿದು?"

"ಕೇರಬೀಜದ ಎಣ್ಣಿರಿ. ಹಿಮ್ಮಡಿ ಒಡದವರಿಗೆ ಬೀಜ ಸುಟ್ಟು ಹಚ್ಚತೇನಿ. ನಮ್ಮ ಅತ್ತಿ ಕಲಿಸಿದ್ದು. ಹಚ್ಚಿದ ಕೈನೂ ಕರ್ರಗಾಗ್ತಾದ, ತೊಳದ್ರ ಹೋಗಂಗಿಲ್ಲ."

"ಊರ ಮಂದಿಗೆ ಗೊತ್ತಿಲ್ಲೇನು?"

"ಕಾಲು ಕೊಟ್ಟವರಿಗೆಲ್ಲಾ ಗೊತ್ತದರಿ."

ಎಫ್‌ಐಆರ್ ದಾಖಲಾಯಿತು. ಚುನಾವಣಾ ಸಿಬ್ಬಂದಿಯನ್ನು ವಿಚಾರಿಸಿದಾಗ, ಕೊಳಕೂರಿನಲ್ಲಿ ಅವಳಿಗೆ ಮತವೇ ಇರಲಿಲ್ಲವೆಂದು ಗೊತ್ತಾಯಿತು. ಫೋಟೋ ಎಲ್ಲಿಂದ ಹೊರಟಿತೆಂದು ಹುಡುಕಲು ಭಾಗ್ಯಜ್ಯೋತಿ ಶರಣಕುಮಾರನನ್ನೇ ಮಣ್ಣೂರಿಗೆ ಕಳಿಸಿದರು. ಫೋಟೋ ಹಂಚಿದವನು ತಾನೇ ಎಂದು ಬಾಯಿ ಬಿಡಲು ಅವನಿಂದಾಗಲಿಲ್ಲ.

ಗಿರಣಿಯ ದೌಲತರಾಯ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ನಕ್ಕ. "ಫೋಟೋದಾಗಽ ಎಲ್ಲಾ ಅದಲ್ರಿ, ಇನ್ನೇನು ತನಿಖಿ ಮಾಡ್ತೀರಿ?"

"ನಿಮಗ ಯಾರು ಕಳಿಸಿದ್ರು?"

"ಅಲಲಲ, ಭಾರೀ ಕೇಳಾಕತ್ತೀರಿ! ನೀವಽ ಕಳಿಸೀರಿ ಸಾಹೇಬ್ರ. ನೋಡ್ರಿ, ನಿಮ್ಮ ಹೆಸರು. ಪೊಲೀಸ್ರಽ ಕಳಿಸ್ಯಾರಂದ್ರ ಖರೇನಽ ಇರಬೇಕು ಅಂದ್ಕೊಂಡೆ. ನಾನೂ ನಾಕು ಮಂದಿಗೆ ಕಳಿಸಿದೆ."

ಭೂಮಿ ಬಾಯಿ ಬಿಟ್ಟಿದ್ದರೆ ಶರಣಕುಮಾರ ಇಳಿದೇ ಹೋಗುತ್ತಿದ್ದ. ಅವನು ಕೇಳಿದ ಎಲ್ಲರ ಮೊಬೈಲಿನಲ್ಲೂ ಇದ್ದದ್ದು ಅಂಚು ಕತ್ತರಿಸಿದ ಚಿತ್ರ. ಕೈಗಳು ಎದ್ದು ಕಾಣಲೆಂದು ಕತ್ತರಿಸಿದ್ದವನು ಅವನೇ. ಪೂರ್ತಿ ಚಿತ್ರ ಉಳಿದಿದ್ದದ್ದು ಅವನೊಬ್ಬನ ಬಳಿ. ಕೊಟ್ಟರೆ ನೌಕರಿಗೆ ಕುತ್ತು, ಅಳಿಸಿದರೆ ಆ ಹೆಂಗಸಿನ ಹೆಸರು ಹೋದಂತೆಯೇ.

ಮಂಗಳವಾರ ಬೆಳಿಗ್ಗೆ ಅವನು ಮೊಬೈಲನ್ನು ಭಾಗ್ಯಜ್ಯೋತಿಯವರ ಮೇಜಿನ ಮೇಲಿಟ್ಟ. "ಫೇಸ್‌ಬುಕ್ಕಿನ ಕಳ್ಳ ಓಟಿನ ಜಗಳದಾಗ 'ಭೀಮಾ ಹುಲಿ' ಅನ್ನಾಂವ ಹಾಕಿದ್ದರಿ. ಆ ಖಾತಿ ಈಗ ಇಲ್ಲ. ಅಲ್ಲಿಂದ ತಗೊಂಡು ಎಲ್ಲಾ ಕಡಿ ಕಳಿಸಿದಾಂವ ನಾನಽ ರಿ."

ಭಾಗ್ಯಜ್ಯೋತಿ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. "ಸಾಕ್ಷಿ ಹೇಳಿಕಿ ಕೊಡು. ಆಮ್ಯಾಲೆ ನಿನ್ನ ಮ್ಯಾಲೂ ವರದಿ ಬರಿತೇನಿ" ಎಂದಷ್ಟೇ ಅಂದು, ಅಮೀರುನ್ನಿಸಾಳನ್ನು ಕರೆಸಿ ಪೂರ್ತಿ ಚಿತ್ರ ತೋರಿಸಿದರು. ಮೂಲೆಯಲ್ಲಿ ಒಂದು ಹಿಮ್ಮಡಿ ಇತ್ತು, ಅದರ ಮೇಲೆ ಚೇಳಿನ ಹಚ್ಚೆ.

"ಯಾ ಅಲ್ಲಾ! ಇದು ಸುಭದ್ರಾಬಾಯಿ ಅವ್ವನ ಕಾಲು."

ಮಧ್ಯಾಹ್ನ ಪಂಚರೊಡನೆ ಸುಭದ್ರಾಬಾಯಿಯ ಮನೆಗೆ ಹೋದರು. ಹಚ್ಚೆಯ ಗುರುತು, ಕೂತಿದ್ದ ಹಾಸುಗಲ್ಲು, ಎರಡೂ ಚಿತ್ರಕ್ಕೆ ತಾಳೆಯಾದವೆಂದು ಪಂಚನಾಮೆಯಾಯಿತು.

"ಫೋಟೋ ಯಾರು ತಗದ್ರು?"

"ನನ್ನ ಮಗ ಸಂತೋಷ. ಔಷಧದ್ದು ತಗಿಯಾಕತ್ತಾನ ಅಂದ್ಕೊಂಡೆರಿ." ಮುದುಕಿ ಕಣ್ಣೆತ್ತದೆ, ಮಾಯ್ದ ಹಿಮ್ಮಡಿಯ ಮೇಲೆ ಸೀರೆ ಎಳೆದುಕೊಂಡಳು. ಆಮೇಲೆ ಒಳಗೆ ಮುಖ ಮಾಡಿ ಕೂಗಿದಳು: "ಬಾ ಲೇ ಹೊರಗ. ಆಕಿ ಕೈ ಸುಟಕೊಂಡು ನನ್ನ ಕಾಲು ನೆಟ್ಟಗ ಮಾಡಿದಳು. ನೀ ಏನ ಮಾಡಿದಿ?"

ಸಂತೋಷಕುಮಾರ ಹೊರಗೆ ಬಂದು, 'ಭೀಮಾ ಹುಲಿ' ತಾನೇ ಎಂದು ಒಪ್ಪಿಕೊಂಡ. ಖಾತೆ ಅಳಿಸಿ ಸಾಕ್ಷ್ಯ ನಾಶ ಮಾಡಿದ್ದನ್ನೂ ಸೇರಿಸಿ, ನಾಲ್ಕು ಗಂಟೆಗೆ ಬಂಧನವಾಯಿತು. ಹೋಗುವಾಗ ಭಾಗ್ಯಜ್ಯೋತಿ ಗಿರಣಿಯ ಮುಂದೆ ಜೀಪು ನಿಲ್ಲಿಸಿ, ಅಮೀರುನ್ನಿಸಾ ಹಾಕಿದ್ದು ಒಂದೇ ಮತವೆಂದು ಎಲ್ಲರೆದುರು ಹೇಳಿದರು. ಅಮೀರುನ್ನಿಸಾ ಮನೆಯಿಂದ ಡಬ್ಬಿ ತಂದು ದೌಲತರಾಯನ ಮುಂದೆ ಕುಕ್ಕಿದಳು. "ಬೀಸ್ರಿ."

ಠಾಣೆಯಲ್ಲಿ ಸಂತೋಷಕುಮಾರನ ಹೇಳಿಕೆ ಬರೆದುಕೊಂಡವನು ಶರಣಕುಮಾರ.

"ಗೊತ್ತಿದ್ದೂ ಯಾಕ ಹಾಕಿದಿ?" ಭಾಗ್ಯಜ್ಯೋತಿ ಕೇಳಿದರು.

"ಕಳ್ಳ ಓಟ ಆಗ್ಯಾವ ಅಂತ ವಾರಗಟ್ಟಲೆ ವಾದ ಮಾಡಿದ್ದೆರಿ. ಆಳಂದದಾಂವೊಬ್ಬ ಪುರಾವಿ ತೋರ್ಸು ಅಂತ ಜಗ್ಗಿ ಕೇಳಿದ. ಎಲ್ಲಾರೂ ನೋಡಾಕತ್ತಿದ್ರು. ನನ್ನ ಹತ್ರ ಪುರಾವಿ ಇಲ್ಲ ಅನ್ನಾಕ ನಾಚಿಕಿ ಬಂತ್ರಿ."

ಶರಣಕುಮಾರ ಅದನ್ನು ಇದ್ದಂತೆಯೇ ಬರೆದ. ಅನಂತರ ತನ್ನ ಹೇಳಿಕೆಯ ಸರದಿ. 'ಪರಿಶೀಲಿಸದೆ ಕಳುಹಿಸಿರುತ್ತೇನೆ' ಎಂದು ಬರೆದು, ಹೊಡೆದುಹಾಕಿದ. ಅದರ ಕೆಳಗೆ ಬರೆದ: 'ಅದು ನಿಜವಾಗಿರಲಿ ಎಂದು ನನಗೆ ಆಸೆ ಇತ್ತು.'