ನೀರು ಇಬ್ಬರಿಗೂ ಆಗುತ್ತದೆ

ಸುರಕ್ಷಾ ಕೊಟ್ಟ ಬ್ಯಾಡ್ಜಿನಲ್ಲಿ ಎರಡು ಗೆರೆಗಳಿದ್ದವು. ಮೊದಲನೆಯದರಲ್ಲಿ ಹೆಸರು. ಎರಡನೆಯದರಲ್ಲಿ, ಇಷ್ಟವಿದ್ದರೆ, ತಾನು ಯಾರು ಎಂಬುದು.

ರಾಫಿಯಾ ಹೆಸರು ಬರೆದಳು. ಎರಡನೆಯ ಗೆರೆಯ ಮೇಲೆ ಪೆನ್ನು ಇಟ್ಟು, ತೆಗೆದು, ಮತ್ತೆ ಇಟ್ಟಳು. ಬಂಟ್ವಾಳದ ಎಷ್ಟೋ ಮದುವಣಗಿತ್ತಿಯರ ಅಂಗೈಯಲ್ಲಿ ಮದರಂಗಿಯ ಬಳ್ಳಿಯನ್ನು ತಡೆಯಿಲ್ಲದೆ ಹರಿಸಿದ ಕೈ ಇಲ್ಲಿ ಒಂದು ಚುಕ್ಕೆಗಿಂತ ಮುಂದೆ ಹೋಗಲಿಲ್ಲ.

"ಖಾಲಿ ಬಿಟ್ರೂ ಆಗ್ತದೆ ಮಾರಾಯ್ತಿ," ಎಂದಳು ಸುರಕ್ಷಾ. "ನಂಗೆ ಆ ಗೆರೆ ತುಂಬಿಸ್ಲಿಕ್ಕೆ ಮೂವತ್ತು ವರ್ಷ ಬೇಕಾಯ್ತು. ನಿಂಗೆ ಮೂರು ದಿನ ಉಂಟಲ್ಲ!"

ಮನೆಯವರು ಗಂಡುಮಗುವೆಂದು ಬೆಳೆಸಿದ್ದರೂ ತಾನು ಹೆಣ್ಣೆಂದು ಗಟ್ಟಿಯಾಗಿ ಹೇಳಿ ಬದುಕು ಕಟ್ಟಿಕೊಂಡ ಟೈಲರ್ ಅವಳು. ಮೂಡುಬಿದಿರೆ ಪೇಟೆಯ ಅವಳ ಹೊಲಿಗೆ ಕ್ಲಾಸಿನ ಹಾಲಿನಲ್ಲೇ ಈ ಗೇಮ್ ಜಾಮ್. ಹೊಲಿಗೆ ಮೆಷಿನುಗಳೆಲ್ಲ ಗೋಡೆಗೆ ಸರಿದು, ಮೇಜುಗಳ ಮೇಲೆ ಲ್ಯಾಪ್‌ಟಾಪುಗಳು ಕುಳಿತಿದ್ದವು. ಇಬ್ಬಿಬ್ಬರು ಸೇರಿ ಮೂರು ದಿನಗಳಲ್ಲಿ ಒಂದು ಪುಟ್ಟ ಗೇಮ್ ಮಾಡಬೇಕು. ಹೆಣ್ಣು ಗಂಡನ್ನೇ, ಗಂಡು ಹೆಣ್ಣನ್ನೇ ಪ್ರೀತಿಸಬೇಕೆಂಬ ಲೆಕ್ಕದೊಳಗೆ ಸೇರದವರು ತಮ್ಮ ಬದುಕಿನ ಒಂದು ತುಣುಕನ್ನು ಆಟವಾಗಿಸಬೇಕು. ಫೋಟೊ ತೆಗೆಯುವಂತಿಲ್ಲ; ಯಾರನ್ನೂ ಒತ್ತಾಯಿಸಿ ಕೇಳುವಂತಿಲ್ಲ.

ಮನೆಯಲ್ಲಿ ರಾಫಿಯಾ "ಕಂಪ್ಯೂಟರ್ ಡ್ರಾಯಿಂಗ್ ಕ್ಲಾಸ್" ಎಂದಿದ್ದಳು. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಮೂರು ದಿನ ಉಳಿಯಲು ಇಲ್ಲಿಯೇ ತಾಯಿಯ ಅಕ್ಕ ಆಸ್ಯಮ್ಮನ ಮನೆ ಇತ್ತು.

"ಚಿತ್ರ ಬಿಡಿಸುವವರು ನೀವೇ ಅಲ್ವಾ?"

ತಿರುಗಿದರೆ ಎತ್ತರದ ಹುಡುಗಿ. ಬೆಳ್ತಂಗಡಿಯ ಶಾಲೆಯೊಂದರಲ್ಲಿ ಕಂಪ್ಯೂಟರ್ ಟೀಚರ್ ಅಂತೆ. ಬ್ಯಾಡ್ಜಿನ ಮೊದಲ ಗೆರೆಯಲ್ಲಿ ಅನಿಷಾ ಎಂದಿತ್ತು. ಎರಡನೆಯದರಲ್ಲಿ, ಅಂಜಿಕೆಯೇ ಇಲ್ಲದ ದುಂಡು ಅಕ್ಷರಗಳಲ್ಲಿ, "ಹೆಣ್ಣನ್ನು ಪ್ರೀತಿಸುವ ಹೆಣ್ಣು."

ರಾಫಿಯಾ ತನ್ನ ಬ್ಯಾಡ್ಜಿನ ಮೇಲೆ ಶಾಲಿನ ತುದಿಯನ್ನು ಎಳೆದುಕೊಂಡಳು.

"ಮುಚ್ಚಬೇಡಿ. ನಾನು ಓದಿಯಾಯ್ತು," ಎಂದಳು ಅನಿಷಾ.

"ಓದ್ಲಿಕ್ಕೆ ಅದರಲ್ಲಿ ಏನುಂಟು?"

"ಒಂದು ಚುಕ್ಕೆ ಉಂಟು. ಚಂದದ್ದು."

ಅಷ್ಟಕ್ಕೇ ಕಿವಿ ಬಿಸಿಯಾಯಿತಲ್ಲ, ಅದು ಉಪವಾಸದ ಬಳಲಿಕೆಯೆಂದು ರಾಫಿಯಾ ತನಗೆ ತಾನೇ ಹೇಳಿಕೊಂಡಳು. ರಂಝಾನ್ ಅರ್ಧ ಕಳೆಯುತ್ತ ಬಂದಿತ್ತು.

ಅನಿಷಾಳದೇ ಯೋಚನೆ: ಒಂದು ಮನೆ, ಒಂದು ಉದ್ದದ ಮೇಜು, ಇಬ್ಬರು ಹುಡುಗಿಯರು. ಒಬ್ಬಳು ಕೂತಾಗ ಇನ್ನೊಬ್ಬಳು ಏಳುತ್ತಾಳೆ. ಆಡುವವರು ಏನೇ ಮಾಡಿದರೂ ಇಬ್ಬರೂ ಒಟ್ಟಿಗೆ ಉಣ್ಣುವುದಿಲ್ಲ.

"ಯಾಕೆ, ಜಗಳವಾ?"

"ಇಲ್ಲಪ್ಪ. ಹೊತ್ತು ಬೇರೆ ಬೇರೆ." ಅನಿಷಾ ಕೀಬೋರ್ಡಿನಿಂದ ಕಣ್ಣೆತ್ತಲಿಲ್ಲ. "ಕೊನೆ ನಂಗೂ ಗೊತ್ತಿಲ್ಲ. ಅದನ್ನು ನೀವು ಬಿಡಿಸಿ."

ಗೊಂದಲ ಶುರುವಾದದ್ದು ಅಂದು ಸಂಜೆ. ಆರೂಕಾಲಕ್ಕೆ ಸರಿಯಾಗಿ ಅನಿಷಾ ಚೀಲ ಹೆಗಲಿಗೇರಿಸಿ ಎದ್ದಳು. "ಒಂದು ಕಾಲ್ ಉಂಟು," ಎಂದು ಹಿತ್ತಿಲ ಬಾಗಿಲಿನಿಂದ ಹೋದಳು. ಹತ್ತು ನಿಮಿಷದಲ್ಲಿ ಮುಖ ತೊಳೆದುಕೊಂಡು ನಗುತ್ತ ಬಂದಳು. ಹೊತ್ತು ಮುಳುಗಿ, ಮಸೀದಿಯಿಂದ ಮಗ್ರಿಬಿನ ಬಾಂಗ್ ಕೇಳಿ ರಾಫಿಯಾ ಖರ್ಜೂರ ಬಾಯಿಗಿಟ್ಟಾಗ ಎದುರೇ ಕೂತು, ಏನನ್ನೂ ಮುಟ್ಟದೆ, ಸುಮ್ಮನೆ ನೋಡಿದಳು.

"ತಗೊಳ್ಳಿ," ಎಂದು ಡಬ್ಬ ಸರಿಸಿದರೆ, "ಬೇಡ, ನೀವು ತಿನ್ನಿ. ನೋಡ್ಲಿಕ್ಕೆ ಚಂದ ಆಗ್ತದೆ," ಎಂದಳು.

ಶನಿವಾರವೂ ಹಾಗೆಯೇ. ಅದೇ ಆರೂಕಾಲು, ಅದೇ ಕಾಲ್, ಅದೇ ನಗು.

ದಿನಾ ಅದೇ ಹೊತ್ತಿಗೆ ಕಾದಿದ್ದು ಮಾತಾಡಲು ಯಾರಿರುತ್ತಾರೆ? ಮನಸ್ಸಿಗೆ ಹತ್ತಿರದವರೇ ಇರಬೇಕು. ಹಾಗಾದರೆ ತಾನು ಬಣ್ಣ ಹಚ್ಚುವಾಗ ತನ್ನ ಹಣೆಗೆ ಬಿದ್ದ ಕೂದಲನ್ನು ಅನಿಷಾ ಪೆನ್ಸಿಲಿನ ತುದಿಯಿಂದ ಹಿಂದೆ ಸರಿಸಿದ್ದು ಯಾಕೆ? ಹೊತ್ತು ಬೇರೆ ಬೇರೆ ಎಂದದ್ದು ಗೇಮಿನ ಹುಡುಗಿಯರ ಬಗ್ಗೆಯೋ, ಇಲ್ಲಾ, ಆಸೆ ಇಟ್ಟುಕೊಳ್ಳಬೇಡ ಎಂದು ಮೆತ್ತಗೆ ಹೇಳಿದ್ದೋ? ಅಷ್ಟಕ್ಕೂ ತನಗೆ ಆಸೆ ಎಂಬುದು ಇದೆಯೇ? ಗೆಳತಿಯರ ಮೇಲಿನ ಅಕ್ಕರೆ ಅವಳಿಗೆ ಗೊತ್ತಿತ್ತು. ಇದು ಅದಲ್ಲ. ಅದಲ್ಲವಾದರೆ ಏನು? ಬೆಳಗಿನ ಜಾವ, ಉಪವಾಸಕ್ಕೆ ಮುಂಚಿನ ಅತ್ತಾಳದ ಊಟಕ್ಕೆಂದು ಆಸ್ಯಮ್ಮ ಎಬ್ಬಿಸಿದಾಗ ಅವಳಿಗೆ ನಿದ್ದೆಯೇ ಬಂದಿರಲಿಲ್ಲ.

ಭಾನುವಾರ ಆರೂವರೆಯೊಳಗೆ ಗೇಮ್ ಸಬ್ಮಿಟ್ ಆಗಬೇಕು. ಆರಾದರೂ ಕೊನೆಯ ಚಿತ್ರದ ಜಾಗ ಬೆಳ್ಳಗೆ ಖಾಲಿಯಿತ್ತು. ಅದನ್ನು ತುಂಬಿಸಿದ ಮೇಲೆ ಇಬ್ಬರೂ ಬೇರೆ ಬೇರೆ ಬಸ್ಸು ಹತ್ತುವವರು. ಕೇಳುವುದಿದ್ದರೆ ಈಗಲೇ ಕೇಳಬೇಕು. ಏನೆಂದು ಕೇಳುವುದು?

ಆರೂಕಾಲಾಯಿತು. ಅನಿಷಾ ಏಳಲಿಲ್ಲ. ಗೇಮಿನಲ್ಲಿ ಹುಡುಗಿಯೊಬ್ಬಳು ಮೇಜಿನೊಳಗೇ ಸಿಕ್ಕಿಕೊಂಡಿದ್ದಳು. ಅವಳನ್ನು ಹೊರಗೆ ತರುವುದರಲ್ಲಿ ಅನಿಷಾ ಮುಳುಗಿದ್ದಳು.

"ನಿಮ್ಮ ಕಾಲ್?" ರಾಫಿಯಾಳ ದನಿ ಅವಳಿಗೇ ಒರಟಾಗಿ ಕೇಳಿಸಿತು. "ಅವರು ಕಾಯ್ತಾರಲ್ಲ."

"ಇವತ್ತು ಇಲ್ಲ. ಬಿಡಿ."

ಹಿಂದಿನಿಂದ ಸುರಕ್ಷಾ ಬಂದಳು. "ಎಂಥದು ಅನಿಷಾ, ಇವತ್ತು ನೀರಿನ ಟ್ಯಾಂಕಿಯ ಹಿಂದೆ ನಿನ್ನ ಊಟ ಇಲ್ವಾ? ಇನ್ನು ಇಪ್ಪತ್ತು ನಿಮಿಷದಲ್ಲಿ ಹೊತ್ತು ಮುಳುಗ್ತದೆ. ಬೆಳಗ್ಗಿನವರೆಗೆ ಹಸಿದುಕೊಂಡು ಇರ್ತಿಯಾ?"

ಅನಿಷಾಳ ಕಿವಿ ಕೆಂಪಾಯಿತು. ಆಗ ರಾಫಿಯಾಗೆ ಹೊಳೆಯಿತು: ಅನಿಷಾ ಜೈನರ ಮನೆಯವಳು. ಜೈನರ ಮನೆಗಳಲ್ಲಿ ಸೂರ್ಯ ಮುಳುಗುವ ಮೊದಲೇ ಊಟ ಮುಗಿಯುತ್ತದೆಂದು ಈ ಕಡೆಯವರಿಗೆ ಯಾರಿಗೆ ಗೊತ್ತಿಲ್ಲ? ಎದುರಿಗೆ ಕೂತವಳ ಹೆಸರನ್ನೂ ಕಣ್ಣನ್ನೂ ಓದುವುದರಲ್ಲಿ ಅವಳಿಗೆ ಇದೊಂದು ಮರೆತೇಹೋಗಿತ್ತು.

"ಕಾಲ್ ಇರ್ಲಿಲ್ವಾ?"

"ಇರ್ಲಿಲ್ಲ." ಅನಿಷಾ ಬೆರಳುಗಳನ್ನು ನೋಡಿಕೊಂಡಳು. "ನೀವು ಬೆಳಗ್ಗಿನಿಂದ ನೀರೂ ಕುಡೀದೆ ಕೂತಿರ್ತೀರಿ. ನಿಮ್ಮ ಎದುರು ಹೇಗೆ ತಿನ್ನೂದು? ಹೇಳಿದ್ರೆ ನೀವು ಎದ್ದು ಹೋಗ್ತೀರಿ. ನೀವು ಎದ್ದು ಹೋಗೂದು ನಂಗೆ ಬೇಡ ಇತ್ತು."

ರಾಫಿಯಾಗೆ ನಗು ಬಂತು, ಅದರ ಹಿಂದೆಯೇ ಅಳು. ಯಾವುದನ್ನು ಮೊದಲು ಬಿಡಬೇಕೆಂದು ತಿಳಿಯದೆ ಅನಿಷಾಳ ಚೀಲಕ್ಕೆ ಕೈ ಹಾಕಿ ಡಬ್ಬ ತೆಗೆದಳು. ಚಪಾತಿ, ಹೆಸರುಕಾಳಿನ ಪಲ್ಯ.

"ತಿನ್ನು. ಇಲ್ಲೇ."

"ಉಪವಾಸದವರ ಎದುರು..."

"ಮನೆಯಲ್ಲಿ ನನ್ನ ಅಣ್ಣನ ಮಕ್ಕಳಿಗೆ ಮಧ್ಯಾಹ್ನ ತಿನ್ನಿಸೂದು ಯಾರು ಅಂದ್ಕೊಂಡಿ? ನಾನೇ. ನೀನು ಅವರಿಗಿಂತ ಹೆಚ್ಚು ಹಟ ಮಾಡ್ತಿ ಮಾರಾಯ್ತಿ. ತಿನ್ನು ಬೇಗ."

'ನೀವು' ಎಲ್ಲಿಗೆ ಹೋಯಿತೆಂದು ಇಬ್ಬರೂ ಹುಡುಕಲಿಲ್ಲ. ಅನಿಷಾ ಎಡಗೈಯಲ್ಲಿ ಟೈಪ್ ಮಾಡುತ್ತ, ಬಲಗೈಯಲ್ಲಿ ಚಪಾತಿ ಮುರಿಯುತ್ತ ತಿಂದಳು. ರಾಫಿಯಾ ನೋಡಿದಳು. ನೋಡಲು ನಿಜಕ್ಕೂ ಚಂದವಾಗಿತ್ತು.

"ಹೊತ್ತು ಮುಳುಗಿದ ಮೇಲೆ ಏನೂ ಆಗೂದಿಲ್ವಾ ನಿಂಗೆ?"

"ನೀರು ಆಗ್ತದೆ. ಅಜ್ಜಿ ನೀರೊಂದಕ್ಕೆ ಬಿಟ್ಟಿದ್ದಾರೆ."

ರಾಫಿಯಾ ಟ್ಯಾಬ್ ಎಳೆದುಕೊಂಡಳು. ಉದ್ದದ ಮೇಜಿನ ಎರಡು ತುದಿಯಿಂದಲೂ ಹುಡುಗಿಯರನ್ನು ಕರೆತಂದಳು. ಕಿಟಕಿಯಲ್ಲಿ ಅರ್ಧ ಮುಳುಗಿದ ಸೂರ್ಯ. ನಡುವೆ ಒಂದು ಚೊಂಬು, ಎರಡು ಲೋಟ. ಚೊಂಬಿನ ಸುತ್ತ ಮದರಂಗಿಯ ಬಳ್ಳಿ, ಒಂದೇ ಎಳೆ, ಈ ಸಲ ಎಲ್ಲಿಯೂ ನಿಲ್ಲದೆ.

ಆರೂ ಇಪ್ಪತ್ತೊಂಬತ್ತಕ್ಕೆ ಗೇಮ್ ಹೋಯಿತು.

ಸ್ವಲ್ಪ ಹೊತ್ತಿನಲ್ಲಿ ಪೇಟೆಯ ಕಡೆಯಿಂದ ಬಾಂಗ್ ಕೇಳಿತು. ರಾಫಿಯಾ ಖರ್ಜೂರ ತಿಂದಳು. ಅನಿಷಾ ಎರಡು ಲೋಟಗಳಿಗೆ ನೀರು ಬಗ್ಗಿಸಿದಳು. ಇಬ್ಬರೂ ಒಟ್ಟಿಗೆ ಎತ್ತಿ ಕುಡಿದರು.

"ಆ ಕೊನೆ," ಅನಿಷಾ ಲೋಟದ ಅಂಚಿನ ಮೇಲಿಂದ ಕೇಳಿದಳು, "ಗೇಮಿಗೆ ಅಂತ ಬಿಡಿಸಿದ್ದಾ?"

"ಗೇಮ್ ಕೊಟ್ಟಾಯ್ತಲ್ಲ. ಈಗ ಕುಡಿದದ್ದು ಯಾವುದಕ್ಕೆ?"

ಅನಿಷಾ ತನ್ನ ಲೋಟವನ್ನು ರಾಫಿಯಾಳ ಲೋಟದ ಪಕ್ಕಕ್ಕೆ ಸರಿಸಿಟ್ಟಳು.

"ನಂಗೆ ಇದಕ್ಕೆ ಎಂಥ ಹೇಳೂದು ಅಂತ ಇನ್ನೂ ಗೊತ್ತಿಲ್ಲ, ಅನಿಷಾ," ರಾಫಿಯಾ ಬ್ಯಾಡ್ಜಿನ ಚುಕ್ಕೆಯನ್ನು ಸವರಿದಳು. "ಮನೆಯಲ್ಲಿ ಏನು ಹೇಳೂದು, ನಾಳೆ ಹೇಗೆ, ಒಂದೂ ಗೊತ್ತಿಲ್ಲ. ನೀನು ಎದ್ದು ಹೋದ್ರೆ ನಂಗೆ ಆಗೂದಿಲ್ಲ. ಅದೊಂದು ಗೊತ್ತುಂಟು."

"ಅಷ್ಟು ಸಾಕು." ಅನಿಷಾಳ ದನಿ ಸಣ್ಣಗಾಗಿತ್ತು. "ನಂಗೆ ಮೊನ್ನೆ ಆ ಚುಕ್ಕೆ ನೋಡುವಾಗಲೇ ಗೊತ್ತಿತ್ತು."

ಬಸ್ಸಿನ ಹೊತ್ತಾಯಿತೆಂದು ಸುರಕ್ಷಾ ಕೂಗಿದಳು. ಅನಿಷಾ ಚೀಲ ಎತ್ತಿ, ಬಾಗಿಲವರೆಗೆ ಹೋಗಿ, ತಿರುಗಿ ನಿಂತಳು.

"ಹಬ್ಬಕ್ಕೆ ಎಷ್ಟು ದಿನ ಉಂಟು?"

"ಹದಿನೇಳು. ಚಂದ್ರ ಬೇಗ ಕಂಡ್ರೆ ಹದಿನಾರು."

"ಹಬ್ಬದ ಮರುದಿನ ಬಂಟ್ವಾಳಕ್ಕೆ ಬರ್ತೇನೆ. ಸಂಜೆ ಐದಕ್ಕೆ. ಬಿಸಿಲು ಇರುವಾಗಲೇ ಒಟ್ಟಿಗೆ ಉಣ್ಣುವ."

ಅವಳು ಹೋದ ಮೇಲೆ ರಾಫಿಯಾ ಪೆನ್ನು ತೆಗೆದಳು. ಎರಡನೆಯ ಗೆರೆಯ ಮೇಲೆ, ಆ ಚುಕ್ಕೆಯ ಪಕ್ಕದಲ್ಲಿ, ಇನ್ನೊಂದು ಚುಕ್ಕೆ ಇಟ್ಟಳು.