ಓಬಳಮ್ಮನ ಹೊಲ ಫೋಟೋಗೆ ನಿಂತ ದಿನ

"ಇಂಪನಾ, ಒಂದು ಮಾತು ಕೇಳ್ತೀನಿ, ಕೋಪ ಮಾಡ್ಕೋಬೇಡ. ಮೊನ್ನೆ ಓಬಳಮ್ಮನ ಹೊಲಕ್ಕೆ ನೀನು ನಿಜವಾಗ್ಲೂ ಹೋಗಿದ್ಯಾ?"

ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಹೆಲ್ಮೆಟ್ ತೆಗೆಯುವ ಮೊದಲೇ ಗುರುಪ್ರಕಾಶ್ ಕೇಳಿದ ಪ್ರಶ್ನೆ ಇದು. ಕೋಪ ಮಾಡಿಕೊಳ್ಳಬೇಡ ಅಂದವರ ಮೇಲೆ ನನಗೆ ಎರಡು ಪಟ್ಟು ಕೋಪ ಬರುತ್ತದೆ. ಅದರಲ್ಲೂ ಆರು ತಿಂಗಳಿಂದ ಯಾರ ಬೈಕಿನ ಸದ್ದಿಗೆ ನನ್ನ ಕಿವಿ ನೆಟ್ಟಗಾಗುತ್ತಿತ್ತೋ, ಅವನೇ ಹೀಗೆ ಕೇಳಿದರೆ?

ನಮ್ಮದು ಮಣ್ಣಿನ ತೇವದ ನಕ್ಷೆ ಮಾಡುವ ಪ್ರಾಜೆಕ್ಟ್. ವಿಮಾನಕ್ಕೆ ಕಟ್ಟಿದ ರೇಡಾರ್ ಮೇಲಿನಿಂದ ಹೊಲಗಳ ತೇವ ನೋಡುತ್ತದೆ. ಅದು ಹೇಳಿದ್ದು ನಿಜವೇ ಎಂದು ಅದೇ ಬೆಳಿಗ್ಗೆ ಮಣ್ಣಿಗೆ ಮೀಟರಿನ ಮುಳ್ಳು ಚುಚ್ಚಿ ನೋಡುವವಳು ನಾನು. ತುಮಕೂರಿನ ಬಟವಾಡಿಯ ಆಫೀಸಿನಲ್ಲಿ ಕೂತು ರೇಡಾರ್ ಡೇಟಾದಿಂದ ನಕ್ಷೆ ಬಿಡಿಸುವವನು ಅವನು.

ಟ್ಯಾಬ್ ತೆರೆದು ನಕ್ಷೆ ತೋರಿಸಿದ. ಮಳೆ ಕೈಕೊಟ್ಟು ಹದಿನೈದು ದಿನವಾಗಿತ್ತು, ಸುತ್ತಲಿನ ಹೊಲಗಳೆಲ್ಲ ಕಂದು. ನಡುವೆ ಓಬಳಮ್ಮನ ಅರ್ಧ ಎಕರೆ ರಾಗಿ ಹೊಲ ಮಾತ್ರ ಗಾಢ ನೀಲಿ. ನಾನು ಬರೆದಿದ್ದ ತೇವ ಶೇಕಡ ಎಂಟು. ರೇಡಾರ್ ಹೇಳಿದ್ದು ಮೂವತ್ತು.

"ಗಂಗಾಧರ್ ಸರ್ ಏನಂತಾರೆ?" ಎಂದೆ. ಅವರು ನಮ್ಮ ಪ್ರಾಜೆಕ್ಟಿನ ಮುಖ್ಯಸ್ಥರು.

"ನೆರಳಲ್ಲಿ ಕೂತು ಬರೆದಿದಾಳೆ ಅಂತಾರೆ. ಸಂಜೆಯೊಳಗೆ ಕಾರಣ ಸಿಗದಿದ್ರೆ ನಾಡಿದ್ದು ಕುಣಿಗಲ್ ಫ್ಲೈಟಿಗೆ ಮಣ್ಣು ಅಳೆಯೋಕೆ ಬೇರೆಯವರನ್ನ ಹಾಕ್ತಾರಂತೆ."

"ನೀನೇನಂತೀಯ?"

"ನಾನು ಏನಂತೀನಿ ಅಂದ್ರೆ..."

"ಬಿಡು. ಹೋಗಿದ್ಯಾ ಅಂತ ಕೇಳಿದ್ಯಲ್ಲ, ಅಷ್ಟು ಸಾಕು."

ಬೈಕಿನಲ್ಲಿ ಇಬ್ಬರ ನಡುವೆ ಮೀಟರಿನ ಬ್ಯಾಗ್ ಇಟ್ಟು ಕೂತೆ. ಸ್ವಲ್ಪ ದೂರ ಹೋದ ಮೇಲೆ ಅವನು ಕನ್ನಡಿಯನ್ನು ಮೆಲ್ಲಗೆ ನನ್ನ ಕಡೆ ತಿರುಗಿಸಿದ.

"ರಸ್ತೆ ನೋಡು," ಎಂದೆ.

"ನೋಡ್ತಾ ಇದೀನಿ."

"ರಸ್ತೆ ಮುಂದಿದೆ ಕಣೋ."

ಕನ್ನಡಿಯಲ್ಲಿ ಅವನ ಮುಖ ಕೆಂಪಾಯಿತು. ನಗು ಬಂತು. ನಗು ಬಂತಲ್ಲ ಎಂದು ಇನ್ನಷ್ಟು ಕೋಪ ಬಂತು.

ಹೊಲದ ಬದುವಿನ ಮೇಲೆ ನಿಂತಿದ್ದ ಓಬಳಮ್ಮಜ್ಜಿ ನಮ್ಮನ್ನು ಕಂಡವಳೇ ಕೈ ಚಾಚಿದಳು. "ಬಾವ್ವಾ. ಎಲ್ಲಿ, ಫೋಟೋ ತಂದ್ಯಾ?"

"ಯಾವ ಫೋಟೋ ಅಜ್ಜಿ?"

"ನೀನೇ ಅಂದ್ಯಲ್ಲವ್ವ, ಇಮಾನ ಬತ್ತದೆ, ಹೊಲದ ಫೋಟೋ ತೆಗೀತದೆ ಅಂತ. ನೀನು ಚುಚ್ಚಿ ಹೋದ್ಮೇಲೆ ನೋಡ್ತೀನಿ, ಹೊಲ ಮುಖ ತೊಳೀದಿರೋ ಮಗು ಇದ್ದಂಗೈತೆ. ಹಂಗೇ ಫೋಟೋಗೆ ನಿಲ್ಸಕ್ಕಾಯ್ತದಾ? ತೆಂಗಿನ ತೋಟದ ಪೈಪ್ ಎಳ್ಕಂಡು ಬಂದು, ಇಮಾನ ಬರೋಗಂಟ ನೀರು ಬುಟ್ಟೆ. ನಾನೂ ಹೊಸ ಸೀರೆ ಉಟ್ಕಂಡು ನಿಂತಿದ್ದೆ."

ನಾನು ಅಳೆದದ್ದು ಏಳು ಗಂಟೆಗೆ. ವಿಮಾನ ಬಂದದ್ದು ಒಂಬತ್ತು ದಾಟಿದ ಮೇಲೆ. ರೇಡಾರ್ ಎಂದರೆ ಏನೆಂದು ವಿವರಿಸಲು ಸೋಮಾರಿತನವಾಗಿ, "ಫೋಟೋ ತೆಗೀತಾರಜ್ಜಿ" ಎಂದು ಹೇಳಿ ಕೈ ತೊಳೆದುಕೊಂಡವಳು ನಾನೇ!

ಬದುವಿನ ಮೇಲೆ ಕುಸಿದು ಕೂತೆ. ಎದೆಯ ಮೇಲಿನ ಭಾರ ಇಳಿದು ನಗುವೂ ಅಳುವೂ ಒಟ್ಟಿಗೇ ಬಂದವು. ನನ್ನ ಎಂಟೂ ನಿಜ, ಅವನ ಮೂವತ್ತೂ ನಿಜ.

ಪೈಪ್ ಬಿದ್ದಿದ್ದ ಮೂಲೆಯಲ್ಲಿ ಇನ್ನೂ ಕೆಸರಿತ್ತು. ಸಾಕ್ಷಿಗೆ ಅದರ ಫೋಟೋ ತೆಗೆಯಲು ಹೋದ ಗುರು ಅಲ್ಲಿ ಜಾರಿ ಎರಡೂ ಕೈ ಊರಿದ. ಎದ್ದು ಬಂದು, "ಸರ್‌ಗೆ ಈಗ್ಲೇ ಬರಿ ಇಂಪನಾ. ಜೇಬಲ್ಲಿ ನನ್ನ ಫೋನಿದೆ, ಬೆಳಿಗ್ಗೆ ಕಳಿಸಿದ ಮೇಲ್‌ಗೇ ರಿಪ್ಲೈ ಮಾಡು," ಎಂದ. ಮರುಕ್ಷಣವೇ ಗಾಬರಿಯಾದ. "ಬೇಡ ಬೇಡ, ನಾನೇ ಬರೀತೀನಿ!"

ಅಷ್ಟರಲ್ಲಿ ಫೋನ್ ತೆಗೆದು ನಾನು ಓದಿಯಾಗಿತ್ತು. ಬೆಳಿಗ್ಗೆ ಎಂಟೂ ಹತ್ತಕ್ಕೆ, ಅವನು ತುಮಕೂರು ಬಿಡುವ ಮೊದಲೇ ಕಳಿಸಿದ್ದು.

'ಸರ್, ಹೋಗದೆ ಬರೆಯುವ ಹುಡುಗಿ ಇಂಪನಾ ಅಲ್ಲ. ತಪ್ಪಿದ್ದರೆ ನನ್ನ ನಕ್ಷೆಯಲ್ಲಿರಬೇಕು, ಮತ್ತೆ ನೋಡುತ್ತೇನೆ. ಕುಣಿಗಲ್ ಕೆಲಸದಿಂದ ಅವಳನ್ನು ಕೈಬಿಡುವುದಾದರೆ ನನ್ನನ್ನೂ ಕೈಬಿಡಿ.'

ಅಕ್ಷರಗಳು ಮಂಜಾದವು. "ಮತ್ತೆ ಹೋಗಿದ್ಯಾ ಅಂತ ಯಾಕೆ ಕೇಳ್ದೆ?"

"ಸರ್ ಕೇಳು ಅಂದಿದ್ರು. ಕೇಳಿ, ಅವಳು ಹೋಗಿದ್ಲು ಸರ್ ಅಂತ ಹೇಳೋಕೆ."

"ಇದನ್ನ ನನಗೆ ಹೇಳ್ಬಹುದಿತ್ತಲ್ಲ?"

"ನೀನು ನನ್ನ ಬಾಯಿ ಬಿಡೋಕೆ ಬಿಟ್ಯಾ?"

ನನಗೆ ಸುತ್ತಿ ಬಳಸಿ ಮಾತಾಡಲು ಬರುವುದಿಲ್ಲ. "ನೀನಂದ್ರೆ ನಂಗೆ ಇಷ್ಟ ಕಣೋ. ಆರು ತಿಂಗಳಿಂದ."

ಕೆಸರು ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಗಾಳಿಯಲ್ಲೇ ಹಿಡಿದು ನಿಂತ ಗುರು. ಕಣ್ಣು ಮಾತ್ರ ನನ್ನ ಮೇಲಿಂದ ಕದಲಲಿಲ್ಲ. "ನಂಗೆ ಎಂಟು ತಿಂಗಳಿಂದ," ಎಂದ.

"ನಿಂದು ಯಾವಾಗ್ಲೂ ಜಾಸ್ತೀನೇ ತೋರ್ಸುತ್ತೆ."

"ಬಂದು ಚುಚ್ಚಿ ನೋಡ್ಕೋ."

"ಮಾತು ಆಮೇಲಾಡ್ರಪ್ಪ," ಎಂದು ಓಬಳಮ್ಮಜ್ಜಿ ಸೆರಗು ಸರಿಮಾಡಿಕೊಂಡಳು. "ಮೊದ್ಲು ನನ್ನ ಫೋಟೋ ತೆಗೀರಿ!"

ತೆಗೆದೆ. ಆಮೇಲೆ ನಡೆದದ್ದೆಲ್ಲ ಮೇಲ್‌ನಲ್ಲಿ ಬರೆದೆ. ಬೈಕ್ ಹತ್ತುವ ಮೊದಲೇ ಗಂಗಾಧರ್ ಸರ್ ಉತ್ತರ ಬಂತು: 'ಕ್ಷಮಿಸಮ್ಮ. ಕುಣಿಗಲ್‌ಗೆ ನೀನೇ ಹೋಗು. ಅಲ್ಲಿ ಮಾತ್ರ ಫೋಟೋ ಅನ್ನಬೇಡ.'

ವಾಪಸ್ ಬರುವಾಗ ಗುರು ಮತ್ತೆ ಕನ್ನಡಿ ತಿರುಗಿಸಿದ. ರಸ್ತೆ ನೋಡು ಎಂದು ನಾನು ಹೇಳಲಿಲ್ಲ. ಮೀಟರಿನ ಬ್ಯಾಗ್ ಈ ಸಲ ನನ್ನ ಬೆನ್ನ ಮೇಲಿತ್ತು.